ಹೊಸ ಆಪರೇಟಿಂಗ್ ಸಿಸ್ಟಂ ಬೇಕು, ಹಳೆಯದೂ ಇರಬೇಕು: ಯಾರಿಗೆ ಯಾವ ದಾರಿ?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ಅಂದಿನಿಂದ ಒಂದೇ ಪ್ರಶ್ನೆಯನ್ನು ಓದುಗರು ಬೇರೆ ಬೇರೆ ಮಾತುಗಳಲ್ಲಿ ಕೇಳುತ್ತಿದ್ದಾರೆ. ವಿಂಡೋಸ್ 11ಕ್ಕೆ ಹೋಗಬೇಕು, ಆದರೆ ಹಳೆಯ ಸ್ಕ್ಯಾನರ್ ಅಲ್ಲಿ ಕೆಲಸ ಮಾಡುತ್ತದೋ ಇಲ್ಲವೋ ಎಂಬ ಅಳುಕು ಒಬ್ಬರಿಗೆ. ಲಿನಕ್ಸ್ ಕಡೆ ಹೊರಳುವ ಮನಸ್ಸಿದೆ, ಆದರೆ ಲೆಕ್ಕಪತ್ರದ ತಂತ್ರಾಂಶವನ್ನು ಬಿಡುವಂತಿಲ್ಲ ಎಂಬ ಇಕ್ಕಟ್ಟು ಇನ್ನೊಬ್ಬರಿಗೆ. ಮ್ಯಾಕ್ ಬಳಸುವವರಿಗೂ ಇದು ಹೊಸತಲ್ಲ. 2019ರಲ್ಲಿ ಬಂದ ಕೆಟಲಿನಾ ಆವೃತ್ತಿ 32 ಬಿಟ್ ತಂತ್ರಾಂಶಗಳನ್ನು ಪೂರ್ತಿಯಾಗಿ ಕೈಬಿಟ್ಟಾಗ, ಅದರ ಹಿಂದಿನ ಮೊಹಾವೆಯನ್ನು ಬಿಡಲಾರದೆ ಉಳಿದವರು ಎಷ್ಟೋ ಮಂದಿ.

ಇಂಥವರಿಗೆ ಥಟ್ಟನೆ ಸಿಗುವ ಸಲಹೆ ‘ಡ್ಯುಯಲ್ ಬೂಟ್ ಮಾಡಿಕೊಳ್ಳಿ’ ಎಂಬುದು. ಒಂದೇ ಡಿಸ್ಕನ್ನು ಪಾಲು (ಪಾರ್ಟಿಷನ್) ಮಾಡಿ ಎರಡು ಸಿಸ್ಟಂಗಳನ್ನು ಅಕ್ಕಪಕ್ಕ ಕೂರಿಸಿ, ಯಂತ್ರ ಚಾಲೂ (ಬೂಟ್) ಆಗುವಾಗ ಒಂದನ್ನು ಆರಿಸಿಕೊಳ್ಳುವ ಈ ದಾರಿ ಕೆಲವರಿಗೆ ಸರಿಯಾಗಿಯೇ ಇದೆ. ಆದರೆ ಬಹಳ ಮಂದಿಗೆ ಅದಕ್ಕಿಂತ ಸುಲಭವೂ ಸುರಕ್ಷಿತವೂ ಆದ ದಾರಿಗಳಿವೆ. ಹಳೆಯ ಸಿಸ್ಟಂ ನಿಮಗೆ ಯಾತಕ್ಕಾಗಿ ಬೇಕು ಎಂಬುದನ್ನು ಮೊದಲು ಬಿಡಿಸಿಕೊಳ್ಳದೆ ಡಿಸ್ಕ್‌ಗೆ ಕೈಹಾಕಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮೊದಲು ಅಳತೆಗೋಲು

ಹಳೆಯದನ್ನು ಇಟ್ಟುಕೊಳ್ಳಬೇಕು ಎನ್ನುವವರಲ್ಲಿ ನಾಲ್ಕು ಬಗೆಯವರನ್ನು ಕಾಣುತ್ತೇನೆ. ಹೊಸದು ಒಗ್ಗದಿದ್ದರೆ ಹಿಂತಿರುಗಲು ಒಂದು ದಾರಿ ಇದ್ದರೆ ಸಾಕು ಎನ್ನುವವರು ಮೊದಲನೆಯವರು. ಇವರಿಗೆ ಹಳೆಯ ಸಿಸ್ಟಂ ಬೇಕಾಗಿರುವುದು ಕೆಲವು ವಾರಗಳ ಮಟ್ಟಿಗೆ. ಒಂದೋ ಎರಡೋ ತಂತ್ರಾಂಶಗಳಿಗೆ ಅಥವಾ ಒಂದು ಉಪಕರಣಕ್ಕೆ ಹಳೆಯದನ್ನು ನೆಚ್ಚಿಕೊಂಡವರು ಎರಡನೆಯವರು. ಎರಡೂ ಸಿಸ್ಟಂಗಳಲ್ಲಿ ದಿನನಿತ್ಯ ದುಡಿಯಬೇಕಾದವರು ಮೂರನೆಯವರು; ಇವರ ಸಂಖ್ಯೆ ನಾವು ಅಂದುಕೊಂಡಷ್ಟು ದೊಡ್ಡದಲ್ಲ. ನಾಲ್ಕನೆಯವರಿಗೆ ನಿಜವಾಗಿ ಬೇಕಾಗಿರುವುದು ತಮ್ಮ ಫೋಟೊ, ಪತ್ರ, ಲೆಕ್ಕದ ಕಡತಗಳು ಮಾತ್ರ. ಸಿಸ್ಟಂ ಉಳಿದರೆ ಕಡತಗಳೂ ಉಳಿದಾವು ಎಂಬ ಧೈರ್ಯಕ್ಕಾಗಿ ಅವರು ಸಿಸ್ಟಂ ಉಳಿಸಲು ಹೊರಡುತ್ತಾರೆ. ಅವರಿಗೆ ಒಳ್ಳೆಯ ಬ್ಯಾಕಪ್ ಒಂದೇ ಸಾಕು. ಈ ಬರಹದ ಮುಕ್ಕಾಲು ಪಾಲನ್ನು ಅವರು ಓದಬೇಕಾಗಿಯೇ ಇಲ್ಲ.

ನೀವು ಯಾವ ಗುಂಪು ಎಂದು ತಿಳಿದ ಮೇಲೆ ಪ್ರತಿ ದಾರಿಯನ್ನೂ ಕೆಲವು ಪ್ರಶ್ನೆಗಳಿಂದ ತೂಗಿ ನೋಡಬೇಕು. ಹಳೆಯ ಸಿಸ್ಟಂ ನೇರವಾಗಿ ಯಂತ್ರಾಂಶವನ್ನು ಮುಟ್ಟಬೇಕೇ, ಅಂದರೆ ಗ್ರಾಫಿಕ್ಸ್ ಕಾರ್ಡ್, ಧ್ವನಿಮುದ್ರಣದ ಕಾರ್ಡ್ ಮುಂತಾದವು ಅದಕ್ಕೆ ಸಿಗಲೇಬೇಕೇ? ದಿನಕ್ಕೆ ಎಷ್ಟು ಸಲ ಅತ್ತಿಂದಿತ್ತ ಹೋಗುತ್ತೀರಿ? ಡಿಸ್ಕ್‌ನಲ್ಲಿ ಜಾಗ, ಯಂತ್ರದಲ್ಲಿ ಮೆಮೊರಿ ಎಷ್ಟಿದೆ? ಕೆಟ್ಟರೆ ಸರಿಪಡಿಸುವುದು ಎಷ್ಟು ಸುಲಭ? ಅಪ್‌ಡೇಟ್ ನಿಂತುಹೋದ ಹಳೆಯ ಸಿಸ್ಟಂ ಇಂಟರ್‌ನೆಟ್‌ಗೆ ತೆರೆದುಕೊಳ್ಳುತ್ತದೆಯೇ? ಲೈಸೆನ್ಸ್ ಒಪ್ಪುತ್ತದೆಯೇ? ಕೊನೆಯದಾಗಿ, ಹೊಸ ಡಿಸ್ಕ್ ಒಂದಕ್ಕೆ ಹಣ ಹಾಕಲು ಸಿದ್ಧರಿದ್ದೀರಾ ಅಥವಾ ಇರುವುದರಲ್ಲೇ ಆಗಬೇಕೇ?

ಇವುಗಳಲ್ಲಿ ಭದ್ರತೆಯ ಪ್ರಶ್ನೆಯನ್ನು ಜನ ಹಗುರವಾಗಿ ಕಾಣುತ್ತಾರೆ. ಬೆಂಬಲ ನಿಂತ ಸಿಸ್ಟಂನಲ್ಲಿ ಇನ್ನು ಮುಂದೆ ಪತ್ತೆಯಾಗುವ ದೋಷಗಳು ತೆರೆದೇ ಇರುತ್ತವೆ. ವೈಯಕ್ತಿಕ ಬಳಕೆದಾರರಿಗಾಗಿ ಮೈಕ್ರೋಸಾಫ್ಟ್ ಪ್ರಕಟಿಸಿದ ವಿಂಡೋಸ್ 10ರ ವಿಸ್ತೃತ ಭದ್ರತಾ ಅಪ್‌ಡೇಟ್ ಯೋಜನೆ 2026ರ ಅಕ್ಟೋಬರ್ 13ರವರೆಗಿನದು, ಅದಕ್ಕೂ ಹೆಸರು ನೋಂದಾಯಿಸಿಕೊಳ್ಳಬೇಕು. ಹಳೆಯದನ್ನು ವರ್ಷಗಟ್ಟಲೆ ಇಟ್ಟುಕೊಳ್ಳುವವರು ಅದನ್ನು ಜಾಲದಿಂದ ದೂರವಿಡುವ ಯೋಚನೆಯನ್ನು ಇಂದೇ ಮಾಡಬೇಕು.

ಯಾವ ದಾರಿ ಹಿಡಿದರೂ ತಪ್ಪದ ಕೆಲಸ

ಇಡೀ ಡಿಸ್ಕ್‌ನ ಇಮೇಜ್ ಒಂದನ್ನು ಹೊರಗಿನ ಡಿಸ್ಕ್‌ಗೆ ತೆಗೆದಿಡಿ. ಕಡತಗಳನ್ನು ನಕಲು ಮಾಡುವುದಕ್ಕಿಂತ ಇದು ಬೇರೆ ಕೆಲಸ. ಇಮೇಜ್‌ನಲ್ಲಿ ಸಿಸ್ಟಂ, ತಂತ್ರಾಂಶಗಳು, ಡ್ರೈವರ್‌ಗಳು (ಉಪಕರಣಗಳನ್ನು ನಡೆಸುವ ತಂತ್ರಾಂಶಗಳು), ಬೂಟ್ ಆಗಲು ಬೇಕಾದ ಸಣ್ಣ ಪಾರ್ಟಿಷನ್‌ಗಳು ಎಲ್ಲವೂ ಇದ್ದಂತೆಯೇ ಸೇರುತ್ತವೆ. ಮರಳಿ ಹಾಕಿದರೆ ಯಂತ್ರ ಆ ದಿನದ ಸ್ಥಿತಿಗೆ ಬರುತ್ತದೆ. ಇದಕ್ಕೆಂದೇ ಇರುವ ಕ್ಲೋನ್‌ಜಿಲ್ಲಾ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಪೆನ್‌ಡ್ರೈವ್‌ನಿಂದ ಬೂಟ್ ಆಗುತ್ತದೆ, ವಿಂಡೋಸ್ ಮತ್ತು ಲಿನಕ್ಸ್ ಡಿಸ್ಕ್‌ಗಳೆರಡನ್ನೂ ಇಮೇಜ್ ಮಾಡುತ್ತದೆ. ಅದರ ಪರದೆಗಳು ಒರಟಾಗಿವೆ, ಒಂದೊಂದು ಪ್ರಶ್ನೆಯನ್ನೂ ನಿಧಾನವಾಗಿ ಓದಿ ಉತ್ತರಿಸಬೇಕು. ಇಮೇಜ್ ತೆಗೆದಾದ ಮೇಲೆ ಅದನ್ನು ಪರೀಕ್ಷಿಸಲೇ ಎಂದು ಕೇಳಿದಾಗ ಹೌದು ಎನ್ನಿ.

ವಿಂಡೋಸ್ ಡಿಸ್ಕ್ ಬಿಟ್‌ಲಾಕರ್ ಎಂಬ ಸೌಲಭ್ಯದಿಂದ ಎನ್‌ಕ್ರಿಪ್ಟ್ ಆಗಿದ್ದರೆ (ಕೀ ಇಲ್ಲದೆ ಓದಲಾಗದಂತೆ ಬೀಗ ಬಿದ್ದಿದ್ದರೆ) 48 ಅಂಕಿಗಳ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದುಕೊಳ್ಳಿ. ಬೂಟ್ ಕ್ರಮದಲ್ಲಿ ಸ್ವಲ್ಪ ಬದಲಾವಣೆಯಾದರೂ ಕಂಪ್ಯೂಟರ್ ಅದನ್ನು ಕೇಳಬಹುದು. ಕೀ ಆನ್‌ಲೈನ್ ಖಾತೆಯಲ್ಲಿದೆ ಎಂದು ನೆಮ್ಮದಿಯಾಗಿರುವವರು, ಆ ಖಾತೆಗೆ ಬೇರೊಂದು ಸಾಧನದಿಂದ ಲಾಗಿನ್ ಆಗಿ ಕೀಯನ್ನು ಕಣ್ಣಾರೆ ನೋಡಿಕೊಳ್ಳಿ. ತಮಗೇ ತಿಳಿಯದಂತೆ ಎನ್‌ಕ್ರಿಪ್ಟ್ ಆಗಿರುವ ಲ್ಯಾಪ್‌ಟಾಪ್‌ಗಳು ಬಹಳ.

ಮೊದಲ ಗುಂಪಿನ ಕೆಲವರಿಗೆ ಇದಿಷ್ಟೇ ಸಾಕಾಗಬಹುದು. ಇಮೇಜ್ ಕೈಯಲ್ಲಿದ್ದರೆ ಇರುವ ಸಿಸ್ಟಂನ ಮೇಲೆಯೇ ಹೊಸದನ್ನು ಹಾಕಿಕೊಳ್ಳಬಹುದು, ಒಗ್ಗದಿದ್ದರೆ ಹಿಂದಕ್ಕೆ ಬರಬಹುದು. ಬರುವಾಗ ನಡುವಿನ ದಿನಗಳಲ್ಲಿ ಮಾಡಿದ ಕಡತಗಳನ್ನು ಮಾತ್ರ ಬೇರೆಡೆ ತೆಗೆದಿಟ್ಟುಕೊಳ್ಳಬೇಕು.

ಇದ್ದಲ್ಲೇ ಮೇಲ್ದರ್ಜೆಗೆ ಏರಿಸುವುದು

ವಿಂಡೋಸ್‌ನ ಒಳಗಿನಿಂದಲೇ ಹೊಸ ಆವೃತ್ತಿಗೆ ಏರಿದರೆ, ಹಳೆಯ ಸಿಸ್ಟಂ ‘ವಿಂಡೋಸ್.ಓಲ್ಡ್’ ಎಂಬ ಫೋಲ್ಡರ್‌ಗೆ ಸರಿಯುತ್ತದೆ. ಸೆಟ್ಟಿಂಗ್ಸ್‌ನ ರಿಕವರಿ ಪುಟದಲ್ಲಿ ಹಿಂದಿನ ಆವೃತ್ತಿಗೆ ಮರಳುವ ಗುಂಡಿ ಇರುತ್ತದೆ. ಹಣದ ಖರ್ಚಿಲ್ಲ, ಪಾರ್ಟಿಷನ್‌ಗಳನ್ನು ನೀವು ಮುಟ್ಟಬೇಕಾಗಿಲ್ಲ, ತಂತ್ರಾಂಶಗಳನ್ನು ಮತ್ತೆ ಹಾಕುವ ಕಷ್ಟವಿಲ್ಲ.

ಆದರೆ ಈ ಬಾಗಿಲು ತೆರೆದಿರುವುದು 10 ದಿನ ಮಾತ್ರ. ಆಮೇಲೆ ವಿಂಡೋಸ್ ತಾನಾಗಿಯೇ ಹಳೆಯ ಫೋಲ್ಡರನ್ನು ಅಳಿಸಿಹಾಕುತ್ತದೆ. ಆ 10 ದಿನಗಳ ಒಳಗೆ ಅಡ್ಮಿನಿಸ್ಟ್ರೇಟರ್ ಹಕ್ಕಿನ ಕಮಾಂಡ್ ಪ್ರಾಂಪ್ಟ್‌ನಿಂದ ಡಿಸ್ಮ್ ಎಂಬ ಸಾಧನ ಬಳಸಿ ಅವಧಿಯನ್ನು 60 ದಿನಗಳವರೆಗೆ ಹಿಗ್ಗಿಸಬಹುದು. ತಡವಾದರೆ ಹಿಗ್ಗಿಸಲು ಏನೂ ಉಳಿದಿರುವುದಿಲ್ಲ. ಡಿಸ್ಕ್ ಕ್ಲೀನಪ್ ನಡೆಸಿ ‘ಹಿಂದಿನ ವಿಂಡೋಸ್ ಇನ್‌ಸ್ಟಲೇಶನ್’ ಎಂಬ ಸಾಲಿಗೆ ಗುರುತು ಹಾಕಿದರೂ ಅದು ಹೋಗುತ್ತದೆ. ಮರಳಿದಾಗ ನಿಮ್ಮ ಕಡತಗಳು ಉಳಿಯುತ್ತವೆ, ಏರಿದ ನಂತರ ಹಾಕಿಕೊಂಡ ತಂತ್ರಾಂಶ ಮತ್ತು ಡ್ರೈವರ್‌ಗಳು ಹೋಗುತ್ತವೆ. ಹೊಸದನ್ನು ಹಾಕಿದ ವಾರದಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ವರ್ಷಕ್ಕೊಮ್ಮೆ ಬೇಕಾಗುವ ತೆರಿಗೆಯ ತಂತ್ರಾಂಶ ಕೈಕೊಟ್ಟದ್ದು ತಿಳಿಯುವ ಹೊತ್ತಿಗೆ ಗಡುವು ಮುಗಿದಿರುತ್ತದೆ. ಆದ್ದರಿಂದ ಏರಿದ ಮೊದಲ ವಾರದಲ್ಲೇ ಅಪರೂಪಕ್ಕೆ ಬಳಸುವ ತಂತ್ರಾಂಶಗಳನ್ನೂ ಉಪಕರಣಗಳನ್ನೂ ಒಂದೊಂದಾಗಿ ತೆರೆದು ನೋಡಿ.

ಲಿನಕ್ಸ್‌ನ ಒಂದು ರೂಪವಾದ ಉಬುಂಟುವಿನಲ್ಲಿ ಹೊಸ ಆವೃತ್ತಿಗೆ ಏರಿದ ಮೇಲೆ ಇಳಿಯುವ ಅಧಿಕೃತ ದಾರಿಯೇ ಇಲ್ಲ. ಅಲ್ಲಿ ಟೈಮ್‌ಶಿಫ್ಟ್‌ನಂಥ ಸಾಧನದಿಂದ ಏರುವ ಮುನ್ನ ಸ್ನ್ಯಾಪ್‌ಶಾಟ್ (ಆ ಹೊತ್ತಿನ ಸ್ಥಿತಿಯ ಪ್ರತಿ) ತೆಗೆದಿಡುವುದು ರೂಢಿ. ಅದು ಸಿಸ್ಟಂ ಕಡತಗಳನ್ನು ಕಾಯುತ್ತದೆ. ನಿಮ್ಮ ಹೋಮ್ ಫೋಲ್ಡರಿನ ಕಡತಗಳನ್ನು ತಾನಾಗಿ ಸೇರಿಸಿಕೊಳ್ಳುವುದಿಲ್ಲ.

ಒಂದೇ ಡಿಸ್ಕ್‌ನಲ್ಲಿ ಡ್ಯುಯಲ್ ಬೂಟ್

ಇದರ ಒಳ್ಳೆಯ ಗುಣ ಸ್ಪಷ್ಟವಾಗಿದೆ. ಎರಡೂ ಸಿಸ್ಟಂಗಳು ಯಂತ್ರಾಂಶದ ಪೂರ್ಣ ಬಲವನ್ನು ಪಡೆಯುತ್ತವೆ. ಆಟಗಳು, ವಿಡಿಯೊ ಸಂಕಲನ, ಒಳಗೆ ಸಿಕ್ಕಿಸಿದ ಹಳೆಯ ಕಾರ್ಡ್‌ಗಳು ಎಲ್ಲವೂ ನೇರವಾಗಿ ನಡೆಯುತ್ತವೆ. ಹೊಸದಾಗಿ ಏನನ್ನೂ ಕೊಳ್ಳಬೇಕಾಗಿಲ್ಲ.

ತೊಡಕುಗಳು ಮಾತ್ರ ಹೆಚ್ಚು, ಅವು ಬರುವುದೂ ನಿರೀಕ್ಷಿಸದ ಕಡೆಯಿಂದ. ಮೊದಲನೆಯದು ಜಾಗ. ವಿಂಡೋಸ್ 11 ಕನಿಷ್ಠ 64 ಜಿಬಿ ಕೇಳುತ್ತದೆ, ಆದರೆ ಅಪ್‌ಡೇಟ್‌ಗಳಿಗೂ ನಿಮ್ಮ ತಂತ್ರಾಂಶಗಳಿಗೂ ಸೇರಿಸಿ 120 ಜಿಬಿಗಿಂತ ಕಡಿಮೆ ಕೊಡುವುದು ಬೇಡ ಎನ್ನುತ್ತೇನೆ. 256 ಜಿಬಿಯ ಡಿಸ್ಕ್‌ನಲ್ಲಿ ಎರಡನ್ನೂ ತುರುಕಿದರೆ ಎರಡೂ ಏದುಸಿರು ಬಿಡುತ್ತವೆ. ಹಳೆಯ ಪಾರ್ಟಿಷನ್ನನ್ನು ಕುಗ್ಗಿಸಲು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್ ಬಳಸಿದರೆ, ಅರ್ಧ ಖಾಲಿ ಇರುವ ಡಿಸ್ಕ್‌ನಲ್ಲೂ ಕೆಲವೇ ಜಿಬಿ ಬಿಟ್ಟುಕೊಡಬಹುದು ಎಂದು ಅದು ಹೇಳುವುದುಂಟು. ವಿಂಡೋಸ್ ತನ್ನ ಬಳಕೆಗೆ ಇಟ್ಟುಕೊಂಡ ಪೇಜ್ ಕಡತ, ಹೈಬರ್ನೇಶನ್ ಕಡತ, ರಿಸ್ಟೋರ್ ಪಾಯಿಂಟ್‌ಗಳು ಜರುಗಿಸಲಾಗದ ಜಾಗದಲ್ಲಿ ಕುಳಿತಿರುವುದೇ ಇದಕ್ಕೆ ಕಾರಣ. ತಾತ್ಕಾಲಿಕವಾಗಿ ಇವನ್ನು ನಿಲ್ಲಿಸಿ, ಯಂತ್ರವನ್ನು ಮರುಪ್ರಾರಂಭಿಸಿ ಮತ್ತೆ ಪ್ರಯತ್ನಿಸಿದರೆ ಸಾಮಾನ್ಯವಾಗಿ ಜಾಗ ಸಿಗುತ್ತದೆ.

ಎರಡನೆಯದು ಬೂಟ್ ಆಗುವ ಬಗೆ. ಹಳೆಯ ಯಂತ್ರದಲ್ಲಿ ವಿಂಡೋಸ್ 10 ಹಳೆಯ ಬಯೋಸ್ (ಯಂತ್ರ ಚಾಲೂ ಆಗುವಾಗ ಮೊದಲು ಓಡುವ ತಂತ್ರಾಂಶ) ವಿಧಾನದಲ್ಲಿ, ಪಾರ್ಟಿಷನ್‌ಗಳ ಪಟ್ಟಿಯನ್ನು ಎಂಬಿಆರ್ ಎಂಬ ಹಳೆಯ ಮಾದರಿಯಲ್ಲಿ ಇಟ್ಟುಕೊಂಡ ಡಿಸ್ಕ್ ಮೇಲೆ ಕುಳಿತಿರಬಹುದು. ಎಂಬಿಆರ್‌ನಲ್ಲಿ ನಾಲ್ಕೇ ಪ್ರೈಮರಿ ಪಾರ್ಟಿಷನ್‌ಗಳಿಗೆ ಅವಕಾಶ. ವಿಂಡೋಸ್ 11 ಅಧಿಕೃತವಾಗಿ ಕೇಳುವುದು ಬಯೋಸ್‌ನ ಜಾಗಕ್ಕೆ ಬಂದ ಯುಇಎಫ್‌ಐ ವಿಧಾನವನ್ನು. ಒಂದು ಹಳೆಯ ವಿಧಾನದಲ್ಲಿ, ಇನ್ನೊಂದು ಹೊಸ ವಿಧಾನದಲ್ಲಿ ಇದ್ದರೆ ಒಂದೇ ಮೆನುವಿನಿಂದ ಎರಡನ್ನೂ ಆರಿಸಿಕೊಳ್ಳಲಾಗದು. ವಿಂಡೋಸ್ 10ರ 2017ರ ಆವೃತ್ತಿಯಿಂದ ಬಂದ ಎಂಬಿಆರ್‌ಟುಜಿಪಿಟಿ ಎಂಬ ಸಾಧನ ಡಿಸ್ಕನ್ನು ಅಳಿಸದೆ ಜಿಪಿಟಿ ಎಂಬ ಹೊಸ ಮಾದರಿಗೆ ಬದಲಾಯಿಸುತ್ತದೆ. ಮೂರಕ್ಕಿಂತ ಹೆಚ್ಚು ಪ್ರೈಮರಿ ಪಾರ್ಟಿಷನ್‌ಗಳಿದ್ದರೆ ಅದು ಒಪ್ಪುವುದಿಲ್ಲ. ಇಮೇಜ್ ತೆಗೆದಿಡದೆ ಇದಕ್ಕೆ ಕೈಹಾಕಬೇಡಿ.

ಮೂರನೆಯದು ಫಾಸ್ಟ್ ಸ್ಟಾರ್ಟಪ್. ಇದು ಚಾಲೂ ಇದ್ದರೆ ‘ಶಟ್‌ಡೌನ್’ ಕೊಟ್ಟಾಗಲೂ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ಅರೆನಿದ್ರೆಯಲ್ಲಿ ಡಿಸ್ಕನ್ನು ಹಿಡಿದುಕೊಂಡೇ ಇರುತ್ತದೆ. ಆ ಸ್ಥಿತಿಯಲ್ಲಿ ಇನ್ನೊಂದು ಸಿಸ್ಟಂ ಅದೇ ಪಾರ್ಟಿಷನ್‌ಗೆ ಬರೆದರೆ ಕಡತಗಳು ಹಾಳಾಗಬಹುದು. ಲಿನಕ್ಸ್ ಇಂಥ ಪಾರ್ಟಿಷನ್ ಕಂಡರೆ ಬರೆಯಲು ನಿರಾಕರಿಸಿ ಓದಲಷ್ಟೇ ಬಿಡುವುದು ಇದೇ ಕಾರಣಕ್ಕೆ. ಡ್ಯುಯಲ್ ಬೂಟ್ ಮಾಡುವವರು ಎರಡೂ ವಿಂಡೋಸ್‌ಗಳಲ್ಲಿ ಫಾಸ್ಟ್ ಸ್ಟಾರ್ಟಪ್ ನಿಲ್ಲಿಸಲೇಬೇಕು. ಲಿನಕ್ಸ್ ಜೊತೆಗಾದರೆ ಗಡಿಯಾರದ ಗೊಂದಲವೂ ಸೇರುತ್ತದೆ: ಯಂತ್ರದೊಳಗಿನ ಗಡಿಯಾರ ಸ್ಥಳೀಯ ಸಮಯದಲ್ಲಿದೆ ಎಂದು ವಿಂಡೋಸ್ ತಿಳಿಯುತ್ತದೆ, ಯುಟಿಸಿಯಲ್ಲಿ, ಅಂದರೆ ಜಾಗತಿಕ ಪ್ರಮಾಣ ಸಮಯದಲ್ಲಿ, ಇದೆ ಎಂದು ಲಿನಕ್ಸ್ ತಿಳಿಯುತ್ತದೆ. ಒಂದರಿಂದ ಇನ್ನೊಂದಕ್ಕೆ ಹೋದಾಗಲೆಲ್ಲ ಸಮಯ ತಪ್ಪಾಗಿ ಕಾಣುತ್ತದೆ. ಲಿನಕ್ಸ್‌ನಲ್ಲಿ ಒಂದು ಆದೇಶ ಕೊಟ್ಟರೆ ಇದು ಸರಿಹೋಗುತ್ತದೆ, ಹೆದರಬೇಕಾದ ವಿಷಯವಲ್ಲ.

ನಾಲ್ಕನೆಯದು ಒಂದರ ಅಪ್‌ಡೇಟ್ ಇನ್ನೊಂದರ ಕಾಲಿಗೆ ತೊಡರುವುದು. 2024ರ ಆಗಸ್ಟ್‌ನ ವಿಂಡೋಸ್ ಭದ್ರತಾ ಅಪ್‌ಡೇಟ್ ಬಂದ ಮೇಲೆ, ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇಲ್ಲದ್ದು ಬೂಟ್ ಆಗದಂತೆ ತಡೆಯುವ ಸೌಲಭ್ಯ) ಚಾಲೂ ಇದ್ದ ಹಲವು ಡ್ಯುಯಲ್ ಬೂಟ್ ಯಂತ್ರಗಳಲ್ಲಿ ಲಿನಕ್ಸ್ ಬೂಟ್ ಆಗದೆ ನಿಂತಿತು. ಹಳೆಯ ಬೂಟ್ ಲೋಡರ್‌ಗಳಲ್ಲಿ (ಸಿಸ್ಟಂ ಅನ್ನು ಎಬ್ಬಿಸುವ ತಂತ್ರಾಂಶಗಳಲ್ಲಿ) ಇದ್ದ ದೋಷವನ್ನು ತಡೆಯಲು ಮಾಡಿದ ಬದಲಾವಣೆ ಅದು, ಉದ್ದೇಶ ಸರಿಯಾಗಿತ್ತು. ತೊಂದರೆಗೆ ಸಿಕ್ಕಿದವರು ಮಾತ್ರ ಏನೂ ತಿಳಿಯದ ಬಳಕೆದಾರರು. ಒಂದೇ ಯಂತ್ರವನ್ನು ಎರಡು ಸಿಸ್ಟಂಗಳು ಹಂಚಿಕೊಂಡಾಗ ಇಂಥವು ಮತ್ತೆ ಬರಬಹುದು.

ಇಷ್ಟರ ಮೇಲೂ ಡ್ಯುಯಲ್ ಬೂಟ್ ಬೇಕೆಂದಾದರೆ ಕ್ರಮವನ್ನು ಪಾಲಿಸಿ. ಹಳೆಯ ವಿಂಡೋಸ್ ಮೊದಲು, ಹೊಸ ವಿಂಡೋಸ್ ನಂತರ. ವಿಂಡೋಸ್ ಮೊದಲು, ಲಿನಕ್ಸ್ ನಂತರ. ಹೊಸ ವಿಂಡೋಸ್ ತನಗಿಂತ ಹಳೆಯದನ್ನು ಗುರುತಿಸಿ ಮೆನುವಿಗೆ ಸೇರಿಸುತ್ತದೆ, ಲಿನಕ್ಸ್‌ನ ಬೂಟ್ ಲೋಡರ್ ಆದ ಗ್ರಬ್ ವಿಂಡೋಸನ್ನು ಹುಡುಕಿಕೊಳ್ಳುತ್ತದೆ. ಹಿಂದುಮುಂದಾದರೆ ಬೂಟ್ ದುರಸ್ತಿ ಮಾಡುತ್ತ ಕೂರಬೇಕು.

ಇನ್ನೂ ಒಂದು ನಷ್ಟವನ್ನು ಯಾವ ಮಾರ್ಗದರ್ಶಿಯೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪ್ರತಿ ಬದಲಾವಣೆಗೂ ಎಲ್ಲ ಕೆಲಸ ಮುಚ್ಚಿ ಯಂತ್ರವನ್ನು ಮರುಪ್ರಾರಂಭಿಸಬೇಕು. ಹೀಗಾಗಿ ಕ್ರಮೇಣ ಜನ ಒಂದರಲ್ಲೇ ಉಳಿದುಬಿಡುತ್ತಾರೆ, ಇನ್ನೊಂದು ತಿಂಗಳುಗಟ್ಟಲೆ ಮುಚ್ಚಿರುತ್ತದೆ. ಅಪರೂಪಕ್ಕೆ ತೆರೆದ ದಿನ ಅದು ಬಾಕಿ ಅಪ್‌ಡೇಟ್‌ಗಳನ್ನೆಲ್ಲ ಒಟ್ಟಿಗೆ ಹಾಕಿಕೊಳ್ಳಲು ಶುರುಮಾಡುತ್ತದೆ, ನಿಮ್ಮ ಐದು ನಿಮಿಷದ ಕೆಲಸ ಅರ್ಧ ದಿನವನ್ನು ನುಂಗುತ್ತದೆ.

ಎರಡನೆಯ ಡಿಸ್ಕ್

ಸ್ವಲ್ಪ ಹಣ ಹಾಕಬಲ್ಲವರಿಗೆ ನಾನು ಮೊದಲು ಹೇಳುವುದು ಇದನ್ನೇ. ಡೆಸ್ಕ್‌ಟಾಪ್‌ನಲ್ಲಿ ಹೊಸ ಎಸ್‌ಎಸ್‌ಡಿ ಒಂದನ್ನು ಸೇರಿಸಿ, ಹಳೆಯ ಡಿಸ್ಕ್‌ನ ಕೇಬಲ್ ಕಳಚಿಟ್ಟು, ಹೊಸದರ ಮೇಲೆ ಹೊಸ ಸಿಸ್ಟಂ ಹಾಕಿ. ಮುಗಿದ ಮೇಲೆ ಹಳೆಯದನ್ನು ಮತ್ತೆ ಜೋಡಿಸಿ. ಯಂತ್ರ ಚಾಲೂ ಆಗುವಾಗ ಎಫ್12, ಎಫ್11 ಅಥವಾ ತಯಾರಕರು ಇಟ್ಟ ಬೇರೊಂದು ಕೀ ಒತ್ತಿದರೆ ಬೂಟ್ ಮೆನು ಬರುತ್ತದೆ, ಯಾವ ಡಿಸ್ಕ್ ಬೇಕೋ ಆರಿಸಿಕೊಳ್ಳಬಹುದು. ಎರಡೂ ಸಿಸ್ಟಂಗಳ ಬೂಟ್ ಕಡತಗಳು ತಂತಮ್ಮ ಡಿಸ್ಕ್‌ನಲ್ಲೇ ಇರುವುದರಿಂದ ಒಂದು ಕೆಟ್ಟರೆ ಇನ್ನೊಂದು ಎದ್ದು ನಿಲ್ಲುತ್ತದೆ. ಪಾರ್ಟಿಷನ್ ಕುಗ್ಗಿಸುವ ತಲೆನೋವೂ ಇಲ್ಲ. ಫಾಸ್ಟ್ ಸ್ಟಾರ್ಟಪ್ ಕುರಿತು ಮೇಲೆ ಹೇಳಿದ ಎಚ್ಚರಿಕೆ ಇಲ್ಲಿಯೂ ಅನ್ವಯಿಸುತ್ತದೆ.

ತೆಳುವಾದ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್‌ಗೆ ಒಂದೇ ಜಾಗ ಇರುವುದುಂಟು. ಅಲ್ಲಿಯೂ ಒಂದು ಸೊಗಸಾದ ದಾರಿ ಇದೆ: ಹಳೆಯ ಡಿಸ್ಕನ್ನು ಬಿಚ್ಚಿ ತೆಗೆದು, ಹೊಸ ಡಿಸ್ಕ್ ಹಾಕಿ ಅದರ ಮೇಲೆ ಹೊಸ ಸಿಸ್ಟಂ ಇನ್‌ಸ್ಟಾಲ್ ಮಾಡಿ. ಹಳೆಯದನ್ನು ಯುಎಸ್‌ಬಿ ಎನ್‌ಕ್ಲೋಜರ್ (ಡಿಸ್ಕ್ ಕೂರಿಸುವ ಹೊರಪೆಟ್ಟಿಗೆ) ಒಂದರಲ್ಲಿ ಕೂರಿಸಿದರೆ ಕಡತಗಳೆಲ್ಲ ಓದಲು ಸಿಗುತ್ತವೆ. ಹಿಂತಿರುಗಬೇಕಾದರೆ ಡಿಸ್ಕ್‌ಗಳನ್ನು ಅದಲುಬದಲು ಮಾಡಿದರಾಯಿತು. ಹಳೆಯ ಸಿಸ್ಟಂನ ಒಂದು ಬೈಟ್ ಕೂಡ ಬದಲಾಗಿರುವುದಿಲ್ಲ. ಹಿಂತಿರುಗುವ ದಾರಿ ಮಾತ್ರ ಬೇಕೆನ್ನುವ ಮೊದಲ ಗುಂಪಿನವರಿಗೆ ಇದಕ್ಕಿಂತ ನೆಮ್ಮದಿಯ ಉಪಾಯ ನನಗೆ ಗೊತ್ತಿಲ್ಲ. ಡಿಸ್ಕನ್ನು ಮದರ್‌ಬೋರ್ಡ್‌ಗೇ ಬೆಸೆದಿರುವ ಮಾದರಿಗಳಲ್ಲಿ ಇದು ಸಾಧ್ಯವಿಲ್ಲ, ಕೊಳ್ಳುವ ಮುನ್ನ ನಿಮ್ಮ ಮಾದರಿಯನ್ನು ಪರಿಶೀಲಿಸಿ.

ಹೊರಗಿನ ಯುಎಸ್‌ಬಿ ಡಿಸ್ಕ್‌ನಿಂದಲೇ ಸಿಸ್ಟಂ ನಡೆಸಬಹುದೇ? ಲಿನಕ್ಸ್‌ನಲ್ಲಿ ಸಲೀಸು, ಮ್ಯಾಕ್‌ನಲ್ಲಿಯೂ ಆಗುತ್ತದೆ. ವಿಂಡೋಸ್‌ನ ಇನ್‌ಸ್ಟಾಲರ್ ಯುಎಸ್‌ಬಿ ಡಿಸ್ಕನ್ನು ಒಪ್ಪುವುದಿಲ್ಲ. ಇದಕ್ಕೆಂದೇ ಇದ್ದ ವಿಂಡೋಸ್ ಟು ಗೋ ಸೌಲಭ್ಯವನ್ನು 2020ರ ಆವೃತ್ತಿಯಲ್ಲಿ ತೆಗೆದುಹಾಕಲಾಯಿತು. ಬಳಸುದಾರಿಗಳಿವೆ, ಆದರೆ ದಿನನಿತ್ಯದ ಕೆಲಸಕ್ಕೆ ನೆಚ್ಚಿಕೊಳ್ಳುವಂಥವಲ್ಲ.

ವರ್ಚುವಲ್ ಮಷೀನ್

ಒಂದೆರಡು ತಂತ್ರಾಂಶಗಳಿಗಾಗಿ ಹಳೆಯದನ್ನು ಹಿಡಿದುಕೊಂಡವರು ಮೊದಲು ನೋಡಬೇಕಾದದ್ದು ಇತ್ತ. ಹೊಸ ಸಿಸ್ಟಂನ ಒಳಗೆ ಒಂದು ಕಿಟಕಿಯಲ್ಲಿ ಹಳೆಯದು ಓಡುತ್ತಿರುತ್ತದೆ. ಮರುಪ್ರಾರಂಭ ಬೇಕಿಲ್ಲ, ಎರಡರ ನಡುವೆ ಫೋಲ್ಡರ್ ಹಂಚಿಕೊಳ್ಳಬಹುದು, ಸ್ನ್ಯಾಪ್‌ಶಾಟ್ ತೆಗೆದಿಟ್ಟು ಕೆಟ್ಟಾಗ ಕ್ಷಣದಲ್ಲಿ ಹಿಂದಕ್ಕೆ ಹೋಗಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ವರ್ಚುವಲ್ ಮಷೀನ್‌ನ ನೆಟ್‌ವರ್ಕ್ ಕಾರ್ಡನ್ನು ಸೆಟ್ಟಿಂಗ್‌ನಲ್ಲೇ ಕಿತ್ತುಹಾಕಿದರೆ, ಬೆಂಬಲ ನಿಂತ ಸಿಸ್ಟಂ ಇಂಟರ್‌ನೆಟ್‌ನ ಸಂಪರ್ಕವಿಲ್ಲದೆ ತನ್ನ ಕೆಲಸ ತಾನು ಮಾಡಿಕೊಂಡಿರುತ್ತದೆ. ಭದ್ರತೆಯ ಪ್ರಶ್ನೆಗೆ ಇಷ್ಟು ಸರಳ ಉತ್ತರ ಬೇರೆ ಯಾವ ದಾರಿಯಲ್ಲೂ ಸಿಗುವುದಿಲ್ಲ.

ಇಂಥ ಕಿಟಕಿಯನ್ನು ಒದಗಿಸುವ ತಂತ್ರಾಂಶಗಳಲ್ಲಿ ವರ್ಚುವಲ್‌ಬಾಕ್ಸ್ ಉಚಿತ. ವಿಎಂವೇರ್ ವರ್ಕ್‌ಸ್ಟೇಷನ್ ಪ್ರೊ 2024ರಲ್ಲಿ ಉಚಿತವಾಯಿತು. ವಿಂಡೋಸ್‌ನ ಪ್ರೊ ಆವೃತ್ತಿಯಲ್ಲಿ ಹೈಪರ್-ವಿ ಒಳಗೇ ಇದೆ, ಹೋಮ್ ಆವೃತ್ತಿಯಲ್ಲಿ ಇಲ್ಲ. ನಡೆಯುತ್ತಿರುವ ಯಂತ್ರವನ್ನೇ ವರ್ಚುವಲ್ ಡಿಸ್ಕ್ ಕಡತವಾಗಿ ಬದಲಿಸಲು ಮೈಕ್ರೋಸಾಫ್ಟ್‌ನ ಸಿಸ್‌ಇಂಟರ್ನಲ್ಸ್ ಬಳಗದ ಡಿಸ್ಕ್‌ಟುವಿಎಚ್‌ಡಿ ಎಂಬ ಪುಟ್ಟ ಸಾಧನವಿದೆ. ಹಳೆಯ ತಂತ್ರಾಂಶದ ಇನ್‌ಸ್ಟಾಲ್ ಡಿಸ್ಕ್ ಕಳೆದುಹೋಗಿದೆ, ಕೀ ಮರೆತಿದೆ ಎನ್ನುವವರಿಗೆ ಇದು ದೊಡ್ಡ ಉಪಕಾರಿ. ಯಂತ್ರ ಹೇಗಿತ್ತೋ ಹಾಗೆಯೇ ಒಂದು ಕಡತದೊಳಗೆ ಬಂದು ಕೂರುತ್ತದೆ.

ಇದಕ್ಕೆ ಬೇಕಾದದ್ದು ಮೆಮೊರಿ. 16 ಜಿಬಿ ಇದ್ದರೆ ಹಾಯಾಗಿರುತ್ತದೆ. 8 ಜಿಬಿಯಲ್ಲಿ ಒಳಗಿನ ಸಿಸ್ಟಂಗೆ ಮೂರ್ನಾಲ್ಕು ಜಿಬಿ ಕೊಟ್ಟರೆ ಎರಡೂ ತೆವಳುತ್ತವೆ, ಆದರೂ ಅಪರೂಪದ ಕೆಲಸಕ್ಕೆ ನಡೆದೀತು. 4 ಜಿಬಿ ಇರುವವರು ಈ ಯೋಚನೆ ಬಿಡುವುದೇ ಒಳ್ಳೆಯದು. ಪ್ರೊಸೆಸರ್‌ನ ವರ್ಚುವಲೈಸೇಷನ್ ಸೌಲಭ್ಯ ಬಯೋಸ್‌ನಲ್ಲಿ ಚಾಲೂ ಇರಬೇಕು. ಗ್ರಾಫಿಕ್ಸ್ ದುರ್ಬಲವಾಗಿರುತ್ತದೆ, ಆದ್ದರಿಂದ ಭಾರಿ ಆಟಗಳಿಗೂ ಮೂರು ಆಯಾಮದ ವಿನ್ಯಾಸಕ್ಕೂ ಇದು ಸಲ್ಲದು. ಯುಎಸ್‌ಬಿ ಸ್ಕ್ಯಾನರ್, ಪ್ರಿಂಟರ್‌ಗಳನ್ನು ಒಳಗಿನ ಸಿಸ್ಟಂಗೆ ದಾಟಿಸಬಹುದು, ಬಹುತೇಕ ಕೆಲಸ ಮಾಡುತ್ತವೆ. ಮದರ್‌ಬೋರ್ಡ್‌ಗೆ ಸಿಕ್ಕಿಸುವ ಕಾರ್ಡ್‌ಗಳನ್ನು ಹಾಗೆ ದಾಟಿಸುವುದು ಸಾಮಾನ್ಯ ಬಳಕೆದಾರರ ಕೈಗೆ ಎಟುಕುವಂಥದ್ದಲ್ಲ.

ವಿಂಡೋಸ್ 11 ಬರುವುದು 64 ಬಿಟ್ ರೂಪದಲ್ಲಿ ಮಾತ್ರ. 32 ಬಿಟ್ ತಂತ್ರಾಂಶಗಳು ಅದರಲ್ಲಿ ಓಡುತ್ತವೆ. 32 ಬಿಟ್ ಡ್ರೈವರ್‌ಗಳು ಹಾಗೂ ತೀರಾ ಹಳೆಯ 16 ಬಿಟ್ ತಂತ್ರಾಂಶಗಳು ಓಡುವುದಿಲ್ಲ. ಅಂಥದ್ದನ್ನು ನೆಚ್ಚಿಕೊಂಡವರಿಗೆ 32 ಬಿಟ್ ವಿಂಡೋಸ್ ಹಾಕಿದ ವರ್ಚುವಲ್ ಮಷೀನ್ ಬಹಳ ಕಾಲ ಬಾಳಿಕೆ ಬರುವ ಉತ್ತರ. ಅದು ಒಂದು ಕಡತವಷ್ಟೇ ಆದ್ದರಿಂದ ಮುಂದಿನ ಕಂಪ್ಯೂಟರ್‌ಗೂ ನಕಲು ಮಾಡಿಕೊಂಡು ಹೋಗಬಹುದು.

ತಿರುವುಮುರುವಾಗಿಯೂ ಬಳಸಬಹುದು: ಇರುವ ಸಿಸ್ಟಂನೊಳಗೆ ಹೊಸದನ್ನು ವರ್ಚುವಲ್ ಮಷೀನ್ ಆಗಿ ಹಾಕಿ ಅಭ್ಯಾಸ ಮಾಡಿಕೊಳ್ಳಿ. ವಿಂಡೋಸ್ 11 ಕೇಳುವ ಟಿಪಿಎಂ ಎಂಬ ಭದ್ರತಾ ಚಿಪ್‌ನ ನಕಲನ್ನು ವರ್ಚುವಲ್‌ಬಾಕ್ಸ್ ತನ್ನ 7ನೆಯ ಆವೃತ್ತಿಯಿಂದ ಒದಗಿಸುತ್ತದೆ. ಪರಿಚಯ ಮಾಡಿಕೊಳ್ಳಲು ಇದು ಸಾಕು. ಬಹಳ ದಿನ ಹಾಗೆಯೇ ಇದ್ದರೆ ಮಾತ್ರ ಹೊರಗಿನ ಹಳೆಯ ಸಿಸ್ಟಂ ಅಪಾಯಕ್ಕೆ ತೆರೆದುಕೊಂಡೇ ಇರುತ್ತದೆ.

ಲೈಸೆನ್ಸ್ ವಿಚಾರ

ವಿಂಡೋಸ್ 10ರ ಲೈಸೆನ್ಸ್ ಇರುವ ಯಂತ್ರದಲ್ಲಿ ವಿಂಡೋಸ್ 11 ತಾನಾಗಿಯೇ ಸಕ್ರಿಯವಾಗುತ್ತದೆ. ಆದ್ದರಿಂದ ಎರಡನ್ನೂ ಇಟ್ಟುಕೊಳ್ಳಲು ಅನುಮತಿ ಇದೆ ಎಂದು ಅನೇಕರು ಭಾವಿಸುತ್ತಾರೆ. ಒಪ್ಪಂದ ಹೇಳುವುದು ಒಂದು ಸಾಧನದಲ್ಲಿ ಒಂದು ಪ್ರತಿಯನ್ನು ಇನ್‌ಸ್ಟಾಲ್ ಮಾಡಿ ನಡೆಸುವ ಹಕ್ಕನ್ನು. ಡ್ಯುಯಲ್ ಬೂಟ್‌ನ ಎರಡನೆಯ ವಿಂಡೋಸ್‌ಗೂ ವರ್ಚುವಲ್ ಮಷೀನ್‌ನೊಳಗಿನ ವಿಂಡೋಸ್‌ಗೂ ಪ್ರತ್ಯೇಕ ಲೈಸೆನ್ಸ್ ಬೇಕು. ಕಂಪ್ಯೂಟರ್ ಜೊತೆಗೇ ಬಂದ ಒಇಎಂ ಲೈಸೆನ್ಸ್ ಆ ಯಂತ್ರಕ್ಕೆ ಅಂಟಿಕೊಂಡಿರುತ್ತದೆ. ಡಿಸ್ಕ್‌ಟುವಿಎಚ್‌ಡಿಯಿಂದ ವರ್ಚುವಲ್ ಮಷೀನ್‌ಗೆ ಸಾಗಿಸಿದರೆ ಸಕ್ರಿಯತೆ ಬಿದ್ದುಹೋಗುತ್ತದೆ. ಕಚೇರಿಯ ಯಂತ್ರಗಳಲ್ಲಿ ಇದನ್ನು ಕಡೆಗಣಿಸಬೇಡಿ. ಹಳೆಯ ಡಿಸ್ಕನ್ನು ಎತ್ತಿಟ್ಟು ಒಂದು ಸಲಕ್ಕೆ ಒಂದನ್ನೇ ಹಾಕಿಕೊಳ್ಳುವ ದಾರಿಯೂ ಇಮೇಜ್ ದಾರಿಯೂ ಈ ವಿಷಯದಲ್ಲಿ ಹಗುರ. ಲಿನಕ್ಸ್ ಬಳಸುವವರಿಗೆ ಈ ಚಿಂತೆಯೇ ಇಲ್ಲ.

ಮ್ಯಾಕ್‌ನವರಿಗೆ

ಆಪಲ್ ಇದನ್ನು ಬಹಳ ಚೆನ್ನಾಗಿ ಬಿಡಿಸಿದೆ. 2017ರಿಂದ ಮ್ಯಾಕ್‌ನಲ್ಲಿರುವ ಎಪಿಎಫ್‌ಎಸ್ ವ್ಯವಸ್ಥೆಯಲ್ಲಿ ಡಿಸ್ಕ್ ಯುಟಿಲಿಟಿಯಿಂದ ಹೊಸ ವಾಲ್ಯೂಮ್ ಒಂದನ್ನು ಸೇರಿಸಿ, ಇನ್ನೊಂದು ಆವೃತ್ತಿಯನ್ನು ಅಲ್ಲಿ ಹಾಕಬಹುದು. ಯಾರಿಗೆ ಎಷ್ಟು ಜಾಗ ಎಂದು ಮೊದಲೇ ಕತ್ತರಿಸಬೇಕಾಗಿಲ್ಲ, ವಾಲ್ಯೂಮ್‌ಗಳು ಖಾಲಿ ಜಾಗವನ್ನು ಹಂಚಿಕೊಳ್ಳುತ್ತವೆ. ಇಂಟೆಲ್ ಮ್ಯಾಕ್‌ನಲ್ಲಿ ಚಾಲೂ ಮಾಡುವಾಗ ಆಪ್ಷನ್ ಕೀ, ಆಪಲ್ ಚಿಪ್‌ನ ಮ್ಯಾಕ್‌ಗಳಲ್ಲಿ ಪವರ್ ಗುಂಡಿಯನ್ನು ಒತ್ತಿ ಹಿಡಿದರೆ ಆಯ್ಕೆ ಬರುತ್ತದೆ. ಮೇಲೆ ಡ್ಯುಯಲ್ ಬೂಟ್ ಬೇಡವೆಂದದ್ದು ಇಲ್ಲಿಗೆ ಅನ್ವಯಿಸದು. ಆದರೆ ಒಂದು ಮ್ಯಾಕ್ ತನ್ನೊಂದಿಗೆ ಬಂದ ಆವೃತ್ತಿಗಿಂತ ಹಳೆಯದನ್ನು ಓಡಿಸುವುದಿಲ್ಲ. ಆಪಲ್ ಚಿಪ್ ಇರುವ ಮ್ಯಾಕ್‌ಗಳಲ್ಲಿ ಮೊಹಾವೆಯನ್ನು ವರ್ಚುವಲ್ ಮಷೀನ್‌ನಲ್ಲೂ ನಡೆಸಲಾಗದು. 32 ಬಿಟ್ ತಂತ್ರಾಂಶ ಬೇಕೇ ಬೇಕು ಎನ್ನುವವರು ಹಳೆಯ ಇಂಟೆಲ್ ಮ್ಯಾಕನ್ನು ಜಾಲದಿಂದ ಬಿಡಿಸಿ ಆ ಒಂದೇ ಕೆಲಸಕ್ಕೆ ಇಟ್ಟುಕೊಳ್ಳುವುದು ಸರಿ.

ಹಾಗಾದರೆ ನೀವು?

ಹೊಸದು ಒಗ್ಗೀತೋ ಇಲ್ಲವೋ ಎಂಬ ಅನುಮಾನ ಮಾತ್ರ ಇದ್ದು ಖರ್ಚು ಮಾಡಲಾಗದವರು ಇಮೇಜ್ ತೆಗೆದಿಟ್ಟು ಇದ್ದಲ್ಲೇ ಏರಿ. ಹೊಸ ಎಸ್‌ಎಸ್‌ಡಿಗೆ ಹಣ ಹಾಕಬಲ್ಲವರು ಡಿಸ್ಕ್ ಬದಲಿಸಿ, ಹಳೆಯದನ್ನು ಎತ್ತಿಡಿ; ಯಂತ್ರವೂ ಚುರುಕಾಗುತ್ತದೆ. ಒಂದು ತಂತ್ರಾಂಶ, ಒಂದು ಸ್ಕ್ಯಾನರ್ ಎನ್ನುವವರು 8 ಜಿಬಿಗಿಂತ ಹೆಚ್ಚು ಮೆಮೊರಿ ಇದ್ದರೆ ವರ್ಚುವಲ್ ಮಷೀನ್ ಮಾಡಿಕೊಳ್ಳಿ, ಕಡಿಮೆ ಇದ್ದರೆ ಡಿಸ್ಕ್‌ಗಿಂತ ಮೊದಲು ಮೆಮೊರಿಗೆ ಹಣ ಹಾಕಿ. ಎರಡರಲ್ಲೂ ಭಾರಿ ಕೆಲಸ ಮಾಡುವವರಿಗೆ ಎರಡು ಡಿಸ್ಕ್‌ಗಳು. ಎರಡೂ ಪೂರ್ಣ ಬಲದಲ್ಲಿ ಓಡಬೇಕು, ಡಿಸ್ಕ್‌ಗೆ ಇನ್ನೊಂದು ಜಾಗವಿಲ್ಲ, ಇರುವ ಡಿಸ್ಕ್ ಮಾತ್ರ 512 ಜಿಬಿಯೋ ಅದಕ್ಕಿಂತ ದೊಡ್ಡದೋ ಇದೆ ಎಂದಾದರೆ ಆಗ ಡ್ಯುಯಲ್ ಬೂಟ್ ಸರಿಯಾದ ಆಯ್ಕೆ.

ಯಂತ್ರವೇ ವಿಂಡೋಸ್ 11ಕ್ಕೆ ಅರ್ಹವಲ್ಲದಿದ್ದರೆ, ಅಂದರೆ ಟಿಪಿಎಂ 2.0 ಇಲ್ಲದಿದ್ದರೆ ಅಥವಾ ಇಂಟೆಲ್‌ನ ಎಂಟನೆಯ ತಲೆಮಾರಿಗಿಂತ ಹಳೆಯ ಪ್ರೊಸೆಸರ್ ಆಗಿದ್ದರೆ, ತಡೆಯನ್ನು ದಾಟಿ ಹಾಕುವ ಉಪಾಯಗಳು ಚಾಲ್ತಿಯಲ್ಲಿವೆ. ಅಂಥ ಯಂತ್ರಕ್ಕೆ ಮುಂದಿನ ಅಪ್‌ಡೇಟ್‌ಗಳ ಖಾತ್ರಿ ಇರುವುದಿಲ್ಲ. ಅದಕ್ಕಿಂತ ಲಿನಕ್ಸನ್ನು ಪೆನ್‌ಡ್ರೈವ್‌ನಿಂದ ಇನ್‌ಸ್ಟಾಲ್ ಮಾಡದೆಯೇ ಬೂಟ್ ಮಾಡಿ, ವೈಫೈ, ಧ್ವನಿ, ಪ್ರಿಂಟರ್ ನಡೆಯುತ್ತವೆಯೇ ಎಂದು ನೋಡಿ. ಡಿಸ್ಕ್‌ನಲ್ಲಿರುವುದು ಇದ್ದಂತೆಯೇ ಇರುತ್ತದೆ. ಒಗ್ಗಿದರೆ ಲಿನಕ್ಸ್ ಹಾಕಿ, ಹಳೆಯ ವಿಂಡೋಸನ್ನು ಅದರೊಳಗೆ ವರ್ಚುವಲ್ ಮಷೀನ್ ಮಾಡಿಕೊಳ್ಳಿ.

ಹಳೆಯದು ಬೇಡವಾಗುವ ದಿನವೂ ಬರುತ್ತದೆ, ಆಗ ಒಂದು ಎಚ್ಚರಿಕೆ. ಹೊಸ ವಿಂಡೋಸ್ ಹಾಕುವಾಗ ಹಳೆಯ ಡಿಸ್ಕ್ ಜೋಡಿಸಿಯೇ ಇದ್ದಿದ್ದರೆ, ಹೊಸದರ ಬೂಟ್ ಕಡತಗಳು ಹಳೆಯ ಡಿಸ್ಕ್‌ನ ಇಎಫ್‌ಐ ಪಾರ್ಟಿಷನ್‌ಗೆ ಹೋಗಿ ಕೂತಿರಬಹುದು. ಆ ಡಿಸ್ಕನ್ನು ಅಳಿಸಿದರೆ ಹೊಸದೂ ಏಳುವುದಿಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಇಎಫ್‌ಐ ಸಿಸ್ಟಂ ಪಾರ್ಟಿಷನ್ ಯಾವ ಡಿಸ್ಕ್‌ಗಳಲ್ಲಿದೆ ಎಂದು ನೋಡಿ. ಎರಡರಲ್ಲೂ ಕಂಡರೂ ಅಷ್ಟಕ್ಕೇ ನಂಬಬೇಡಿ: ಹಳೆಯದರ ಕೇಬಲ್ ಕಳಚಿ ಒಂದು ಸಲ ಬೂಟ್ ಮಾಡಿ, ಕೆಲವು ದಿನ ಹಾಗೆಯೇ ನಡೆಸಿ, ಆಮೇಲೆ ಅಳಿಸಿ.